108 ಗಾಡಿಯವರಿಗೆ: ಸರ್ಕಾರ ಕೊಟ್ಟ ಹೆಚ್ಚುವರಿ ಹಣ ನಿಮ್ಮ ಖಾತೆಗೆ ಬಂತಾ ಅಂತ ನೋಡಿಕೊಳ್ಳುವುದು ಹೇಗೆ

ವಾಟ್ಸಾಪ್ ಗ್ರೂಪಿನಲ್ಲಿ ಪತ್ರಿಕೆಯ ತುಣುಕೊಂದು ಬಂದು ಬೀಳುತ್ತದೆ. ತುರ್ತು ಸೇವೆಯ ಸಿಬ್ಬಂದಿಗೆ ವಿಶೇಷ ಭತ್ಯೆ ಅಂತ ತಲೆಬರಹ. ಹತ್ತು ನಿಮಿಷದಲ್ಲಿ ನಲವತ್ತು ಹೆಬ್ಬೆರಳು. ಯಾರೋ ಒಬ್ಬರು ಆಗಲೇ ಅದರಲ್ಲಿ ಮಗಳ ಸ್ಕೂಲ್ ಫೀಸು ಕಟ್ಟಿ ಮುಗಿಸಿರುತ್ತಾರೆ, ಬಾಯಿಲೆಕ್ಕದಲ್ಲಿ. ಮೂರು ತಿಂಗಳಾದ ಮೇಲೆ ನೋಡಿದರೆ ಪಕ್ಕದ ತಾಲ್ಲೂಕಿನವರಿಗೆ ಬಂದಿದೆ, ನಮಗೆ ಬಂದಿಲ್ಲ. ಕೇಳಿದರೆ "ಮೇಲಿಂದ ಬರಬೇಕು" ಅನ್ನುತ್ತಾರೆ. ಆ "ಮೇಲೆ" ಎಲ್ಲಿದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನಾನು ಏಳು ವರ್ಷ ಇಎಂಟಿ, ಅಂದರೆ ಆಂಬ್ಯುಲೆನ್ಸಿನಲ್ಲಿ ರೋಗಿಗೆ ತುರ್ತು ಚಿಕಿತ್ಸೆ ಕೊಡುವವನು ಆಗಿ ಗಾಡಿಯ ಹಿಂದೆ ಕೂತವನು. ಈಗ ಆ ಕೆಲಸದಲ್ಲಿಲ್ಲ. ಆದರೆ ಹಳೇ ಗೆಳೆಯರು ಪೇ ಸ್ಲಿಪ್ ಫೋಟೊ ಕಳಿಸಿ "ಇದು ಸರಿ ಇದೆಯಾ ನೋಡಪ್ಪಾ" ಅನ್ನುವುದು ನಿಂತಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಎಷ್ಟು ಬರುತ್ತೆ" ಅಂತ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಹಣ ಯಾರ ಕೈಯಿಂದ ಯಾರ ಕೈಗೆ ದಾಟಿ ಬರುತ್ತದೆ, ಈಗ ಯಾರ ಕೈಯಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ನೀವು ಯಾರ ನೌಕರರು?

ಗಾಡಿಯ ಮೇಲೆ ಸರ್ಕಾರದ ಹೆಸರಿದೆ. ಜನ ನಮ್ಮನ್ನು "ಗೌರ್ಮೆಂಟ್ ಆಂಬ್ಯುಲೆನ್ಸಿನವರು" ಅಂತಲೇ ಕರೆಯುತ್ತಾರೆ. ಆದರೆ 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ "ಆರೋಗ್ಯ ಕವಚ" ಅಂತ 108 ಶುರುವಾದಾಗ, ಅದು ಸರ್ಕಾರ ಮತ್ತು ಖಾಸಗಿ ಸಂಸ್ಥೆಯ ಒಪ್ಪಂದದ ಮೇಲೆ ಶುರುವಾಗಿದ್ದು. ದುಡ್ಡು ಸರ್ಕಾರದ್ದು, ನೇಮಕಾತಿ ಪತ್ರ ಸಂಸ್ಥೆಯದ್ದು. ಇಂಥ ಸೇವೆಗಳನ್ನು ನಡೆಸುವವರು ಆಗಾಗ ಬದಲಾಗುತ್ತಾರೆ, ಹೀಗಾಗಿ ಸೇರಿದಾಗ ಕೊಟ್ಟ ಪತ್ರವನ್ನೇ ನಂಬಿ ಕೂರಬೇಡಿ, ಕೊನೆಗೆ ಸಿಕ್ಕ ಪತ್ರದಲ್ಲಿ ಯಾರ ಸಹಿ, ಯಾರ ಸೀಲು ಇದೆ ನೋಡಿ.

ಒಂದು ಸರ್ಕಾರಿ ಆಸ್ಪತ್ರೆಯ ಕ್ಯಾಜುವಾಲ್ಟಿ ಬಾಗಿಲನ್ನು ನೆನಪಿಸಿಕೊಳ್ಳಿ. ಸ್ಟ್ರೆಚರ್ ಇಳಿಸುವಾಗ ಈ ಕಡೆ ನಾನು ಮತ್ತು ಪೈಲಟ್ (ಗಾಡಿ ಓಡಿಸುವವರನ್ನು ಹಾಗೆ ಕರೆಯುತ್ತೇವೆ), ಇಬ್ಬರೂ ಸಂಸ್ಥೆಯವರು. ಆ ಕಡೆ ಹಿಡಿಯುವ ಸಿಸ್ಟರ್ ಒಬ್ಬರು ಖಾಯಂ, ಇನ್ನೊಬ್ಬರು ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ, ಬಾಗಿಲು ತಳ್ಳಿ ಹಿಡಿದ ಡಿ ಗ್ರೂಪ್ ಅಣ್ಣ ಹೊರಗುತ್ತಿಗೆ. ಒಂದೇ ರೋಗಿ, ಒಂದೇ ಸ್ಟ್ರೆಚರ್, ಸಂಬಳ ಮಾತ್ರ ನಾಲ್ಕು ದಾರಿಯಲ್ಲಿ ಬರುತ್ತದೆ. ಭತ್ಯೆಯ ಆದೇಶ ಈ ನಾಲ್ಕರಲ್ಲಿ ಯಾವ ದಾರಿಗೆ ಅನ್ವಯ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಇದು ಗೊತ್ತಿಲ್ಲದೆ ಎಷ್ಟೋ ಫಾರ್ವರ್ಡ್‌ಗಳು ಸುಮ್ನೆ ಆಸೆ ಹುಟ್ಟಿಸುತ್ತವೆ. 2024ರ ಆಗಸ್ಟ್ 1ರಿಂದ ರಾಜ್ಯದ 7ನೇ ವೇತನ ಆಯೋಗ ಜಾರಿಯಾಗಿ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತಲ್ಲ, ಅದು ಖಾಯಂ ಸರ್ಕಾರಿ ನೌಕರರ ವೇತನ ಶ್ರೇಣಿ. ನಮ್ಮ ಗಾಡಿಯವರಿಗೆ ತಾನಾಗಿಯೇ ಬರುವುದಲ್ಲ. ಹಾಗೆಯೇ "ನರ್ಸಿಂಗ್ ಭತ್ಯೆ 7,200" ಅಂತ ಒಂದು ಮೆಸೇಜು ಈಗಲೂ ಸುತ್ತುತ್ತಿದೆ. ಅದು ಸುಳ್ಳಲ್ಲ. 2017ರ ಜುಲೈನಲ್ಲಿ ಕೇಂದ್ರ ಸರ್ಕಾರ ತನ್ನ 7ನೇ ವೇತನ ಆಯೋಗದ ಭತ್ಯೆಗಳನ್ನು ಒಪ್ಪಿದಾಗ ನರ್ಸಿಂಗ್ ಭತ್ಯೆಯನ್ನು 4,800ರಿಂದ 7,200ಕ್ಕೆ ಏರಿಸಿತು, ರೋಗಿಗಳ ಆರೈಕೆ ಭತ್ಯೆಯನ್ನು ಲೆವೆಲ್ 8ರವರೆಗಿನವರಿಗೆ 4,100 ಮಾಡಿತು. ಆದರೆ ಅದು ಕೇಂದ್ರದ ನೌಕರರಿಗೆ, ನಿಮ್ಹಾನ್ಸ್‌ನಂಥ ಕೇಂದ್ರ ಸಂಸ್ಥೆಗಳಿಗೆ. ಜಿಲ್ಲಾಸ್ಪತ್ರೆಯ ನರ್ಸಿಗೂ ಆ ಆದೇಶ ಅನ್ವಯಿಸಲ್ಲ, ಇನ್ನು ನಮ್ಮ ಮಾತೆಲ್ಲಿ ಬಂತು.

ಉಲ್ಟಾ ಉದಾಹರಣೆಯೂ ಇದೆ. ಕೋವಿಡ್ ಬಂದಾಗ, 2020ರ ಮಾರ್ಚ್ 30ರಿಂದ ಶುರುವಾದ ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ವಿಮೆ. ಕೋವಿಡ್ ಕೆಲಸದಲ್ಲಿದ್ದವರು ತೀರಿಕೊಂಡರೆ ಮನೆಯವರಿಗೆ 50 ಲಕ್ಷ. ಅದು ಸಂಬಳ ಅಲ್ಲ, ವಿಮೆ. ಆದರೆ ಅದರಲ್ಲಿ ಗುತ್ತಿಗೆ, ದಿನಗೂಲಿ, ಹೊರಗುತ್ತಿಗೆ ಸಿಬ್ಬಂದಿಯೂ ಸೇರುತ್ತಾರೆ ಅಂತ ಬಿಡಿಸಿ ಬರೆದಿದ್ದರು. "ಹೊರಗುತ್ತಿಗೆ" ಅನ್ನುವ ಆ ಒಂದು ಪದ ಇದ್ದದ್ದರಿಂದ "ನೀವು ನಮ್ಮವರಲ್ಲ" ಅಂತ ಬಾಗಿಲಲ್ಲೇ ಹೇಳಿ ಕಳಿಸುವುದಕ್ಕೆ ಜಾಗ ಇರಲಿಲ್ಲ. ಯಾವ ಭತ್ಯೆಯ ಸುದ್ದಿ ಬಂದರೂ ನಾನು ಮೊದಲು ಹುಡುಕುವುದು ಆ ಪದವನ್ನೇ.

ಆದೇಶದ ಪ್ರತಿ ಕೈಗೆ ಬರಲಿ

ಪತ್ರಿಕೆಯ ತುಣುಕು ಆದೇಶ ಅಲ್ಲ. ಮಂತ್ರಿಗಳು ವೇದಿಕೆಯಲ್ಲಿ ಹೇಳಿದ್ದು ಆದೇಶ ಅಲ್ಲ. ಬಜೆಟ್ ಪುಸ್ತಕದಲ್ಲಿ ಅಚ್ಚಾದ ಸಾಲೂ ಆದೇಶ ಅಲ್ಲ, ಅದು ಬರೀ ಉದ್ದೇಶ. ಆದೇಶ ಅಂದರೆ "ಕರ್ನಾಟಕ ಸರ್ಕಾರದ ನಡವಳಿಗಳು" ಅಂತ ತಲೆಯಲ್ಲಿ ಬರೆದು, ಕೆಳಗೆ ವಿಷಯ, ಓದಲಾಗಿದೆ, ಪ್ರಸ್ತಾವನೆ ಅಂತ ಸಾಗಿ, ಆಮೇಲೆ "ಸರ್ಕಾರದ ಆದೇಶ ಸಂಖ್ಯೆ: ಆಕುಕ" ಅಂತ ಶುರುವಾಗುವ ನಂಬರು ಮತ್ತು ತಾರೀಖು ಇರುವ ಕಾಗದ. ಆಕುಕ ಅಂದರೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣ. ಕೊನೆಯಲ್ಲಿ "ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಇದ್ದು ಅಧಿಕಾರಿಯ ಸಹಿ ಇರುತ್ತದೆ.

ಪ್ರಸ್ತಾವನೆ ಉದ್ದ ಇರುತ್ತದೆ, ನಮ್ಮ ಸೇವೆಯನ್ನು ಹೊಗಳಿರುತ್ತಾರೆ, ಓದಲು ಚೆನ್ನಾಗಿರುತ್ತದೆ. ಅಲ್ಲಿಗೇ ಖುಷಿಪಟ್ಟು ನಿಲ್ಲಿಸಬೇಡಿ. ಪ್ರಸ್ತಾವನೆಯಲ್ಲಿ "ಕೋರಲಾಗಿದೆ" ಅಂತ ಇರುತ್ತದೆ, ಅಂದರೆ ಯಾರೋ ಕೇಳಿದ್ದಾರೆ ಅಷ್ಟೇ. ಕೊಟ್ಟಿದ್ದೇನು ಅಂತ ಗೊತ್ತಾಗುವುದು ಆದೇಶದ ಭಾಗದಲ್ಲಿ. ಅಲ್ಲಿ ಪೆನ್ನು ಹಿಡಿದು ಅಡಿಗೆರೆ ಹಾಕಿ. ಯಾವ ಹುದ್ದೆ? "ಶುಶ್ರೂಷಕರು" ಅಂತ ಮಾತ್ರ ಇದ್ದರೆ ಇಎಂಟಿ ಅದರಲ್ಲಿ ಸೇರುತ್ತಾರಾ ಅಂತ ಜಗಳ ಖಂಡಿತ, ಪೈಲಟ್‌ಗಳಂತೂ "ವಾಹನ ಚಾಲಕರು" ಅಂತ ಬೇರೆ ಸಾಲಿನಲ್ಲಿ ಇಲ್ಲದಿದ್ದರೆ ಹೊರಗೇ ಉಳಿಯುತ್ತಾರೆ. ಯಾವ ತಾರೀಖಿನಿಂದ, ಎಷ್ಟು ತಿಂಗಳು? ಆದೇಶ ಹೊರಟ ದಿನ ಬೇರೆ, ಜಾರಿಗೆ ಬರುವ ದಿನ ಬೇರೆ ಇರಬಹುದು. ನಡುವೆ ಕೆಲಸ ಬಿಟ್ಟವರಿಗೂ, ದುಡಿದ ದಿನಗಳಷ್ಟು ಬರಬೇಕಾಗಬಹುದು. ಹಾಜರಾತಿಯ ಶರತ್ತು ಇದೆಯಾ? ಮೊತ್ತದಲ್ಲಿ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ) ವಂತಿಗೆ ಸೇರಿದೆಯಾ, ಹೊರತಾ? ಆಮೇಲೆ ಹಣ ಯಾವ ಲೆಕ್ಕ ಶೀರ್ಷಿಕೆಯಿಂದ ಅಂತ ಒಂದು ಉದ್ದನೆಯ ಅಂಕಿ ಇರುತ್ತದೆ. ಅರ್ಥ ಆಗದಿದ್ದರೂ ಬರೆದಿಟ್ಟುಕೊಳ್ಳಿ, ಮುಂದೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕುವಾಗ ಅದೇ ಕೀಲಿ.

ಇನ್ನೊಂದು ಸಾಲು ನೋಡಲೇಬೇಕು: ಆರ್ಥಿಕ ಇಲಾಖೆ ಸಹಮತಿ ನೀಡಿದೆ ಅಂತ, ಅವರ ಟಿಪ್ಪಣಿಯ ನಂಬರು, ತಾರೀಖು. ಹಣದ ವಿಷಯದ ಆದೇಶದಲ್ಲಿ ಇದು ಇಲ್ಲದಿದ್ದರೆ ನನಗೆ ಅನುಮಾನ ಬರುತ್ತದೆ. ಕಟ್ಟಕಡೆಗೆ "ಪ್ರತಿ" ಅಂತ ಪಟ್ಟಿ ಇರುತ್ತದೆ. ಯಾರಿಗೆಲ್ಲ ಕಳಿಸಿದ್ದಾರೆ ಅಂತ ಅಲ್ಲಿಂದಲೇ ಗೊತ್ತಾಗುತ್ತದೆ. ನಿಮ್ಮ ಜಿಲ್ಲೆಯ ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಆ ಪಟ್ಟಿಯಲ್ಲಿದ್ದರೆ "ನಮಗೆ ಬಂದೇ ಇಲ್ಲ" ಅನ್ನುವ ಮಾತಿಗೆ ಬೆರಳಿಟ್ಟು ತೋರಿಸಬಹುದು.

ನಿಮ್ಮ ಡ್ಯೂಟಿ ನಿಮ್ಮ ಡೈರಿಯಲ್ಲಿ

ಇದು ನನಗೆ ಪೆಟ್ಟು ಬಿದ್ದು ಕಲಿತ ಪಾಠ. ಒಂದು ಸಲ ಎರಡು ತಿಂಗಳು ನನ್ನನ್ನು ಪಕ್ಕದ ತಾಲ್ಲೂಕಿನ ಗಾಡಿಗೆ ರಿಲೀವರ್, ಅಂದರೆ ಬದಲಿ ಆಳು ಅಂತ ಹಾಕಿದ್ದರು. ಆಗಲೇ ಒಂದು ಹೆಚ್ಚುವರಿ ಮೊತ್ತಕ್ಕೆ ಹೆಸರುಗಳ ಪಟ್ಟಿ ಹೋಯಿತು. ನನ್ನ ಮೂಲ ಜಾಗದವರು "ಅವನು ಅಲ್ಲಿದ್ದಾನೆ, ಅಲ್ಲಿಂದ ಹೋಗಿರುತ್ತೆ" ಅಂದುಕೊಂಡರು. ಅಲ್ಲಿಯವರು "ಅವನು ನಮ್ಮವನಲ್ಲ" ಅಂದುಕೊಂಡರು. ಎರಡೂ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ, ಅದೇ ಜಾಸ್ತಿ ಬೇಜಾರು. ಎಲ್ಲಿ ಎಷ್ಟು ದಿನ ಮಾಡಿದೆ ಅಂತ ತೋರಿಸಲು ನನ್ನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ.

ಆಮೇಲೆ ಒಂದು ಪಾಕೆಟ್ ಡೈರಿ ಇಟ್ಟೆ. ಒಂದು ದಿನಕ್ಕೆ ಎರಡೇ ಸಾಲು. "14ನೇ ತಾರೀಖು. ರಾತ್ರಿ 8ರಿಂದ. ಗಾಡಿ ನಂಬರ್ ಕೊನೇ ನಾಲ್ಕಂಕಿ. 5 ಕೇಸು, ಐಡಿಗಳು. ಒಂದು ಹೆರಿಗೆ ಗಾಡಿಯಲ್ಲೇ. ಬೆಳಿಗ್ಗೆ ರಿಲೀವರ್ ಬರಲಿಲ್ಲ, 10.40ಕ್ಕೆ ಬಿಟ್ಟೆ." ಇಷ್ಟೇ. ಕೇಸ್ ಐಡಿ ಯಾಕೆ ಅಂದರೆ ಕಾಲ್ ಸೆಂಟರಿನ ಕಂಪ್ಯೂಟರಿನಲ್ಲೂ ಅದೇ ಇರುತ್ತದೆ, ನಿಮ್ಮ ಡೈರಿಯನ್ನು ಸುಳ್ಳು ಅನ್ನಲು ಆಗುವುದಿಲ್ಲ. ರೋಗಿಯ ಹೆಸರು, ಊರು, ಕಾಯಿಲೆ ಬರೆಯಬೇಡಿ. ಅದು ಅವರ ಗುಟ್ಟು, ನಮ್ಮ ಭತ್ಯೆಗೆ ಬೇಕಾಗಿಯೂ ಇಲ್ಲ. ತಿಂಗಳ ಕೊನೆಗೆ ಹಾಜರಾತಿ ಪುಟದ ಫೋಟೊ ಒಂದು ತೆಗೆದಿಟ್ಟುಕೊಳ್ಳಿ. ಬೇರೆ ಗಾಡಿಗೆ ಹೋಗು ಅಂತ ಫೋನಿನಲ್ಲಿ ಹೇಳಿದರೆ "ಸರ್, ಒಂದು ಮೆಸೇಜ್ ಹಾಕಿಬಿಡಿ" ಅಂತ ಕೇಳಿ. ಹಾಕದಿದ್ದರೆ ನೀವೇ ಹಾಕಿ: "ನೀವು ಹೇಳಿದಂತೆ ಇವತ್ತಿನಿಂದ ಇಂಥ ಜಾಗದಲ್ಲಿ ಡ್ಯೂಟಿಗೆ ಹಾಜರಾಗಿದ್ದೇನೆ." ನೀಲಿ ಗೀಟು ಬಿದ್ದರೆ ಸಾಕು.

ಪೇ ಸ್ಲಿಪ್ಪಿನ ಮುಂದೆ ಕೂತು

ಪೇ ಸ್ಲಿಪ್ ಕೊಡುವುದು ಉಪಕಾರ ಅಲ್ಲ, ಕಾನೂನು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಲ್ಲೂ ಅದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಆಗಬೇಕು ಅಂತಲೂ ಇದೆ.

ಭತ್ಯೆ ಬರುವ ಹಿಂದಿನ ತಿಂಗಳ ಸ್ಲಿಪ್, ಬಂದ ತಿಂಗಳ ಸ್ಲಿಪ್, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಹಳೇ ಆಟ ಇದೆ. ಸರ್ಕಾರದ 2,000 ಹೊಸ ಸಾಲಿನಲ್ಲಿ ಕಾಣಿಸುತ್ತದೆ, ಅದೇ ತಿಂಗಳು ಮೊದಲಿದ್ದ "ಇನ್ಸೆಂಟಿವ್" ಅನ್ನುವ 1,500 ಮಾಯ ಆಗಿರುತ್ತದೆ. ಕೈಗೆ ಜಾಸ್ತಿ ಬಂದದ್ದು ಐನೂರು. ಕೇಳಿದರೆ "ಬಂತಲ್ಲ ಹೆಚ್ಚಿಗೆ" ಅನ್ನುತ್ತಾರೆ. ಒಟ್ಟು ಮೊತ್ತ ನೋಡಿ ಸಮಾಧಾನ ಮಾಡಿಕೊಂಡರೆ ಇದು ಕಣ್ಣಿಗೇ ಬೀಳುವುದಿಲ್ಲ, ಸಾಲು ಸಾಲಾಗಿ ನೋಡಬೇಕು.

ಕಡಿತದ ಕಡೆ ಇನ್ನೂ ಹುಷಾರು. ಪಿಎಫ್‌ನಲ್ಲಿ ನಿಮ್ಮ ಪಾಲು ನೂರಕ್ಕೆ 12, ಮಾಲೀಕರ ಪಾಲು ಇನ್ನೊಂದು 12. ಇಎಸ್‌ಐನಲ್ಲಿ ನಿಮ್ಮದು 0.75, ಅವರದು 3.25. ಅವರ ಪಾಲನ್ನು ನಿಮ್ಮ ಸಂಬಳದಿಂದ ಕತ್ತರಿಸುವಂತಿಲ್ಲ. "ಎಂಪ್ಲಾಯರ್ ಪಿಎಫ್" ಅಂತ ಕಡಿತದ ಪಟ್ಟಿಯಲ್ಲಿ ಕಂಡರೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಇಲ್ಲೇ ಆದೇಶದ ಆ ಸಾಲು ಕೆಲಸಕ್ಕೆ ಬರುತ್ತದೆ. ವಂತಿಗೆ ಸೇರಿ ಇಷ್ಟು ಅಂತ ಸರ್ಕಾರವೇ ಬರೆದಿದ್ದರೆ ಕೈಗೆ ಬರುವುದು ಆ ಮೊತ್ತಕ್ಕಿಂತ ಕಡಿಮೆ ಇರಬಹುದು, ಹೊರತುಪಡಿಸಿ ಅಂತ ಇದ್ದರೆ ಯಾವ ನೆಪವೂ ನಡೆಯುವುದಿಲ್ಲ. ಭತ್ಯೆಯ ಮೇಲೆ ಪಿಎಫ್ ಕಟ್ಟಬೇಕಾ ಅನ್ನುವುದಕ್ಕೆ 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆ ಕೊಟ್ಟಿದೆ: ಎಲ್ಲರಿಗೂ ಒಂದೇ ಸಮನಾಗಿ ಕೊಡುವ ಭತ್ಯೆ ಪಿಎಫ್ ಲೆಕ್ಕಕ್ಕೆ ಮೂಲ ವೇತನ ಇದ್ದ ಹಾಗೆ. ಕಟ್ಟಿದ್ದಾರಾ ಅಂತ ಪಾಸ್‌ಬುಕ್ಕಿನಲ್ಲಿ ನೋಡಿ, ಯುಎಎನ್ (ನಿಮ್ಮ ಪಿಎಫ್ ಖಾತೆಯ) ನಂಬರ್ ಇದ್ದರೆ ಐದು ನಿಮಿಷದ ಕೆಲಸ.

ಇಎಸ್‌ಐಗೆ ಸಂಬಳದ ಮಿತಿ 21,000. ಭತ್ಯೆ ಸೇರಿ ಅದು ದಾಟಿದರೆ ಮರುದಿನವೇ ಕಾರ್ಡು ಹೋಗುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್, ಹೀಗೆ ಆರು ತಿಂಗಳ ಅವಧಿ. ನಡುವೆ ದಾಟಿದರೆ ಆ ಅವಧಿ ಮುಗಿಯುವ ತನಕ ನೀವು ಒಳಗೇ ಇರುತ್ತೀರಿ. ಮನೆಯಲ್ಲಿ ಆಪರೇಷನ್ ಗೀಪರೇಷನ್ ಇದ್ದರೆ ಈ ಲೆಕ್ಕ ನೆನಪಿರಲಿ.

ಓಟಿ (ಓವರ್‌ಟೈಮ್) ಮತ್ತು ಭತ್ಯೆ ಎರಡೂ ಬೇರೆ. ಎಷ್ಟೋ ಕಡೆ ಇವೆರಡನ್ನೂ ಕಲಸಿಬಿಡುತ್ತಾರೆ. ವಾರಕ್ಕೆ 48 ಗಂಟೆ ಸಾಮಾನ್ಯ ಮಿತಿ, ಅದರ ಮೇಲೆ ದುಡಿದದ್ದಕ್ಕೆ ಎರಡು ಪಟ್ಟು ದರ. ಲೆಕ್ಕ ಹೀಗೆ: ಸಂಬಳ 18,200 ಅಂದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 700, ಎಂಟರಿಂದ ಭಾಗಿಸಿದರೆ ಗಂಟೆಗೆ 87 ರೂಪಾಯಿ 50 ಪೈಸೆ, ಎರಡು ಪಟ್ಟು ಅಂದರೆ 175. ಹನ್ನೆರಡು ಗಂಟೆಯ ಶಿಫ್ಟಿನಲ್ಲಿ ಮೇಲಿನ ನಾಲ್ಕು ಗಂಟೆಗೆ 700. ಅಂದರೆ ಇನ್ನೊಂದು ಇಡೀ ದಿನದ ಸಂಬಳ! ವಾರಕ್ಕೆ ಆರು ಶಿಫ್ಟ್ ಹನ್ನೆರಡು ಗಂಟೆ ಮಾಡಿದರೆ 72 ಗಂಟೆ, 24 ಗಂಟೆ ಮೇಲೆ. ನೇಮಕಾತಿ ಪತ್ರದಲ್ಲಿ ಈ ಸಂಬಳ ಎಷ್ಟು ಗಂಟೆಗೆ ಅಂತ ಬರೆದಿದ್ದಾರೆ ನೋಡಿಕೊಳ್ಳಿ, ವಾದ ಶುರುವಾಗುವುದೇ ಅಲ್ಲಿಂದ.

ಬಾಯಲ್ಲಿ ಕೇಳಿದ್ದು ಕೇಳಿದ ಹಾಗಲ್ಲ

ಮೇಲ್ವಿಚಾರಕರನ್ನು ಗಾಡಿ ಹತ್ತಿರ ಸಿಕ್ಕಾಗ ಕೇಳುವುದು, ಅವರು "ಮುಂದಿನ ತಿಂಗಳು" ಅನ್ನುವುದು, ಹೀಗೇ ವರ್ಷ ಕಳೆದುಹೋಗುತ್ತದೆ. ಒಂದು ಪುಟ ಬರೆಯಿರಿ. ಮೇಲೆ ವಿಷಯ: ಸರ್ಕಾರದ ಆದೇಶ ಸಂಖ್ಯೆ, ದಿನಾಂಕ ಹಾಕಿ "ಇದರ ಪ್ರಕಾರ ವಿಶೇಷ ಭತ್ಯೆ ಪಾವತಿ ಆಗದಿರುವ ಬಗ್ಗೆ". ಕೆಳಗೆ ನಾನು ಇಂಥ ಹುದ್ದೆ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇಂಥ ಜಾಗದಲ್ಲಿ ಕೆಲಸ ಮಾಡಿದ್ದೇನೆ, ಇಷ್ಟು ತಿಂಗಳ ಇಷ್ಟು ರೂಪಾಯಿ ಬಾಕಿ ಇದೆ, ಪಾವತಿಸಿ ಅಥವಾ ಪಾವತಿಸದ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ. ಲಗತ್ತು: ಆದೇಶದ ಪ್ರತಿ, ಪೇ ಸ್ಲಿಪ್, ಹಾಜರಾತಿ. ಮುಗಿಯಿತು. ಅನ್ಯಾಯ, ಶೋಷಣೆ, ನಮ್ಮ ಹೊಟ್ಟೆಯ ಮೇಲೆ ಹೊಡೆತ ಇತ್ಯಾದಿ ಬೇಡ. ಕೋಪ ನಿಜವೇ ಇರಲಿ, ಕಾಗದದಲ್ಲಿ ಅಂಕಿ ಇದ್ದರೆ ಗುಮಾಸ್ತರಿಗೆ ಅದನ್ನು ಫೈಲಿಗೆ ಹಾಕದೆ ವಿಧಿ ಇರುವುದಿಲ್ಲ.

ಪತ್ರ ಸಂಸ್ಥೆಯ ಎಚ್‌ಆರ್‌ಗೆ, ಪ್ರತಿ ಡಿಎಚ್‌ಓ ಕಚೇರಿಗೆ. ಈ ಪ್ರತಿ ಯಾಕೆ ಅಂದರೆ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು ಅನ್ನುವುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದ ಇರುವ ನಿಯಮ, ಹೊಸ ಸಂಹಿತೆಗಳಲ್ಲೂ ಉಳಿದಿದೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್. ಸಾಧ್ಯವಾದರೆ ಹತ್ತು ಜನ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿ. ಒಬ್ಬನೇ ಕೇಳಿದವನಿಗೆ ಮರುವಾರ ದೂರದ ಗಾಡಿ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಹತ್ತು ಜನರನ್ನು ಒಟ್ಟಿಗೆ ಎತ್ತಿ ಹಾಕುವುದು ಅಷ್ಟು ಸುಲಭ ಅಲ್ಲ ಅಲ್ವಾ.

ಉತ್ತರ ಬರದಿದ್ದರೆ ಹತ್ತು ರೂಪಾಯಿ ಖರ್ಚು ಮಾಡಿ

ಅಂದರೆ ಮಾಹಿತಿ ಹಕ್ಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, ಒಂದೇ ವಿಷಯ ಇರಬೇಕು. ಆನ್‌ಲೈನಿನಲ್ಲೂ ಹಾಕಬಹುದು. ಹೆಚ್ಚಿನವರು ಮಾಡುವ ತಪ್ಪು "ನಮಗೆ ಭತ್ಯೆ ಯಾಕೆ ಕೊಟ್ಟಿಲ್ಲ" ಅಂತ ಕೇಳುವುದು. ಯಾಕೆ ಅನ್ನುವುದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ, ಇರುವ ದಾಖಲೆ ಕೊಡಬೇಕು. ಹಾಗಾಗಿ ದಾಖಲೆಯನ್ನೇ ಕೇಳಿ. ಈ ಆದೇಶದಡಿ ನಮ್ಮ ಜಿಲ್ಲೆಗೆ ಹಣ ಬಿಡುಗಡೆ ಮಾಡಿದ ಪತ್ರದ ಪ್ರತಿ. ಸಂಸ್ಥೆಗೆ ಹಣ ವರ್ಗಾಯಿಸಿದ ದಿನಾಂಕ, ಮೊತ್ತ ಇರುವ ಬಿಲ್ಲಿನ ಪ್ರತಿ. ಫಲಾನುಭವಿ ಸಿಬ್ಬಂದಿಯ ಪಟ್ಟಿ. ಸಂಸ್ಥೆ ಸಲ್ಲಿಸಿದ ಹಣ ಬಳಕೆ ಪ್ರಮಾಣಪತ್ರ. ಈ ಕೊನೆಯದನ್ನು ಕಚೇರಿಯವರು "ಯುಸಿ" ಅನ್ನುತ್ತಾರೆ. ಎಲ್ಲರಿಗೂ ಹಂಚಿದ್ದೇವೆ ಅಂತ ಯುಸಿಯಲ್ಲಿ ಬರೆದುಕೊಟ್ಟು ನಿಮಗೆ ಮಾತ್ರ ಬಂದಿಲ್ಲ ಅಂದರೆ, ಆಟ ಅಲ್ಲಿಗೆ ಮುಗಿಯಿತು.

ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರೆಬರೆ ಬಂದರೆ ಇನ್ನು 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ನನ್ನ ಅನುಭವದಲ್ಲಿ ಅಷ್ಟು ದೂರ ಹೋಗಿದ್ದು ಕಡಿಮೆ. ಅರ್ಜಿ ಮೇಜಿಗೆ ಬಂದ ಮೇಲೆ ಎಷ್ಟೋ ಸಲ ಎಚ್‌ಆರ್‌ನಿಂದಲೇ ಫೋನು ಬರುತ್ತದೆ, "ನಿಮ್ಮ ಬ್ಯಾಂಕ್ ಡೀಟೇಲ್ಸ್ ಒಂದು ಸಲ ಕಳಿಸಿ" ಅಂತ.

ದಾಖಲೆ ಸಿಕ್ಕಿಯೂ ಹಣ ಬರದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿ. ಬಾಕಿ ವೇತನದ ಅರ್ಜಿ ಹಾಕಲು ವೇತನ ಸಂಹಿತೆಯಲ್ಲಿ 3 ವರ್ಷ ಸಮಯ ಇದೆ. ಇದೆ ಅಂತ ಎರಡೂವರೆ ವರ್ಷ ಕಾಯಬೇಡಿ, ಅಷ್ಟರಲ್ಲಿ ನಡೆಸುವ ಸಂಸ್ಥೆ ಬದಲಾಗಿ, ಹಳೇ ಎಚ್‌ಆರ್ ಫೋನ್ ನಂಬರ್ ಕೂಡ ಚಾಲ್ತಿಯಲ್ಲಿ ಇರುವುದಿಲ್ಲ. ಸಂಸ್ಥೆ ಬದಲಾಗುವ ಸುದ್ದಿ ಬಂದ ದಿನವೇ ಹಳೇ ಪೇ ಸ್ಲಿಪ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಲಾಗಿನ್ ಬಂದ್ ಆದ ಮೇಲೆ ಅವನ್ನು ತೆಗೆಸಿಕೊಳ್ಳುವುದೇ ಒಂದು ಬೇರೆ ಯುದ್ಧ.

ಹಣ ಕೊನೆಗೂ ಬಂತು ಅಂದುಕೊಳ್ಳಿ. ಬ್ಯಾಂಕಿನ ಮೆಸೇಜು ಅಳಿಸಬೇಡಿ, ಎಷ್ಟು ತಿಂಗಳದ್ದು ಅಂತ ಎಚ್‌ಆರ್ ಹತ್ತಿರ ಮೇಲ್‌ನಲ್ಲಿ ಕೇಳಿ ಬರೆಸಿಕೊಳ್ಳಿ. ಆರು ತಿಂಗಳದ್ದು ಬರಬೇಕಾದ ಕಡೆ ನಾಲ್ಕು ತಿಂಗಳದ್ದು ಹಾಕಿ "ಪೂರ್ತಿ ಪಾವತಿ ಆಗಿದೆ" ಅನ್ನುವ ಕಾಗದಕ್ಕೆ ಸಹಿ ಕೇಳುತ್ತಾರೆ. ಸಹಿ ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ ನಿಮ್ಮ ಕೈಯಿಂದಲೇ "4 ತಿಂಗಳ ಮೊತ್ತ ಮಾತ್ರ ಪಡೆದಿದ್ದೇನೆ" ಅಂತ ಬರೆದು, ತಾರೀಖು ಹಾಕಿ, ಫೋಟೊ ತೆಗೆದುಕೊಂಡೇ ಕೊಡಿ.